ಮೊಬೈಲಿನ ಹರಾಜು ಮತ್ತು ನಮ್ಮ ಪಗಾರ

(ಸಂಘದ ಉಚಿತ ವಾಚನಾಲಯದಲ್ಲಿ ರವಿವಾರ ಸಾಯಂಕಾಲ ಓದಿದ ಭಾಷಣ)



ಈ ಮೇಜಿನ ಮುಂದೆ ನಿಂತು ವಿದ್ವಾಂಸರು ವಚನಗಳ ಬಗೆಗೂ ದಾಸರ ಬಗೆಗೂ ಮಾತನಾಡಿದ್ದಾರೆ. ನಾವು ವಿದ್ವಾಂಸರಲ್ಲ. ಮೆಟ್ರಿಕ್ ಮುಗಿಸಿ ಗಿರಣಿಯ ಕಚೇರಿಯಲ್ಲಿ ಲೆಕ್ಕ ಬರೆಯುವವರು. ಸಂಜೆ ಇಲ್ಲಿ ಪತ್ರಿಕೆಗಳನ್ನು ಜೋಡಿಸಿಡುವುದು, ಹರಿದ ಪುಸ್ತಕಗಳಿಗೆ ರಟ್ಟು ಹಾಕುವುದು, ಇಷ್ಟೇ ನಮ್ಮ ಸೇವೆ. ಆದರೂ ಕಾರ್ಯದರ್ಶಿಗಳು "ಈ ವಾರ ನೀವೇ ಮಾತನಾಡಬೇಕು" ಎಂದಾಗ ಒಪ್ಪಿಕೊಂಡೆವು. ಅದಕ್ಕೆ ಕಾರಣವಿದೆ. ನಾವು ಕಳೆದ ವರ್ಷ ಒಂದು ಪಾಠ ಕಲಿತೆವು. ಅದರ ಫೀ 10,750 ರೂಪಾಯಿ. ಆ ಪಾಠ ತಮಗೆ ಬಿಟ್ಟಿಯಾಗಿ ಸಿಗಲಿ ಎಂಬುದೇ ಇಂದಿನ ಭಾಷಣದ ಉದ್ದೇಶ.

ಮೊದಲು ನಮ್ಮ ಗಿರಣಿಯ ಒಂದು ಸಂಗತಿ ಹೇಳುತ್ತೇವೆ. ಮೂರು ತಿಂಗಳಿಗೊಮ್ಮೆ ಅಲ್ಲಿ ಲಿಲಾವು ನಡೆಯುತ್ತದೆ. ಹತ್ತಿಯ ಕಸ, ಹರಿದ ಗೋಣಿ, ಹಳೆಯ ಕಬ್ಬಿಣ, ಖಾಲಿ ಪೀಪಾಯಿ, ಇವನ್ನೆಲ್ಲ ಅಂಗಳದಲ್ಲಿ ರಾಶಿ ಹಾಕುತ್ತಾರೆ. ಹನ್ನೊಂದು ವರ್ಷಗಳಿಂದ ಆ ಲಿಲಾವಿನ ದಫ್ತರ ನಮ್ಮ ಕೈಯಲ್ಲಿದೆ. ವ್ಯಾಪಾರಿಗಳು ಬೆಳಗ್ಗೆಯೇ ಬರುತ್ತಾರೆ. ರಾಶಿಯ ಮೇಲಿನದನ್ನು ಸರಿಸಿ ಒಳಗಿನ ಹತ್ತಿಯನ್ನು ಬೆರಳಿನಿಂದ ಎಳೆದು ನೋಡುತ್ತಾರೆ, ಮೂಸುತ್ತಾರೆ. ಖಜಾಂಚಿಯ ಬಳಿ ಠೇವಣಿ ಕಟ್ಟಿ ಮೊಹರು ಬಿದ್ದ ರಶೀದಿ ಪಡೆಯುತ್ತಾರೆ. ಆಮೇಲೆ ಸವಾಲು. ಒಂದು ಸಲ, ಎರಡು ಸಲ, ಮೂರು ಸಲ. ಹೆಚ್ಚು ಕೂಗಿದವನ ಹೆಸರನ್ನು ನಾವು ಬರೆದುಕೊಳ್ಳುತ್ತೇವೆ. ಅವನ ಕಣ್ಣೆದುರಿಗೇ ತೂಕ, ಅಲ್ಲಿಯೇ ಹಣ, ಕೂಡಲೇ ಗೇಟ್ ಪಾಸು. ಈ ಹನ್ನೊಂದು ವರ್ಷಗಳಲ್ಲಿ ಆ ಅಂಗಳದಲ್ಲಿ ಮೋಸಹೋದವರನ್ನು ನಾವು ಕಾಣೆವು.

ಇಂಥ ದಫ್ತರ ಬರೆಯುವ ನಾವೇ ಮೋಸಹೋದೆವು.

ಕಳೆದ ವರ್ಷ ದೀಪಾವಳಿಯ ಮುಂಚೆ ನಮಗೊಂದು ಸ್ಕೂಟರು ಬೇಕಾಗಿತ್ತು. ನಮ್ಮ ಖೋಲಿಯಿಂದ ಸ್ಟೇಶನ್ನು ದೂರ. ಮನೆಯವರು ಹೊಲಿಗೆಯ ಬಟ್ಟೆಯ ಗಂಟು ಹೊತ್ತು ನಡೆಯಬೇಕು. ಹೊಸದಕ್ಕೆ ಶಕ್ತಿಯಿಲ್ಲ. ಹೀಗಿರಲು ಒಂದು ರಾತ್ರಿ ಮೊಬೈಲಿನಲ್ಲಿ ಒಂದು ಜಾಹೀರಾತು ಕಾಣಿಸಿತು. ಸಾಲ ಕಟ್ಟದವರಿಂದ ಬ್ಯಾಂಕು ಜಪ್ತಿ ಮಾಡಿದ ವಾಹನಗಳ ಹರಾಜು, ಎರಡು ವರ್ಷ ಓಡಿದ ಸ್ಕೂಟರು, ಮೊದಲ ಸವಾಲು 12,000 ರೂಪಾಯಿ. ಮೇಲ್ಗಡೆ ಬ್ಯಾಂಕಿನ ಮುದ್ರೆ. ಕೆಳಗಡೆ ಓಡುವ ಗಡಿಯಾರ: ಇನ್ನು ನಲವತ್ತು ನಿಮಿಷ, ಇನ್ನು ಮೂವತ್ತೊಂಬತ್ತು. 2,100 ರೂಪಾಯಿ ಠೇವಣಿ ಕಟ್ಟಿದರೆ ಸವಾಲು ಹಾಕಬಹುದು.

ಕಟ್ಟಿದೆವು. ನಾವು ಏರಿಸಿದಂತೆಲ್ಲ ಬೇರೆ ಯಾರೋ ಏರಿಸುತ್ತಿದ್ದರು. ಅವರ ಹೆಸರೂ ಊರೂ ಪರದೆಯ ಮೇಲೆ ಮೂಡುತ್ತಿದ್ದವು. ನಮಗೂ ಹಟ ಬಂತು. ರಾತ್ರಿ ಹನ್ನೊಂದೂವರೆಗೆ 18,600 ರೂಪಾಯಿಗೆ ಸ್ಕೂಟರು ನಮ್ಮದಾಯಿತೆಂದು ಅಭಿನಂದನೆಯ ಪತ್ರ ಬಂತು. ಮೊಹರಿತ್ತು, ಸಹಿಯಿತ್ತು. ಮರುದಿನ ಬೆಳಗ್ಗೆ ಒಬ್ಬ ಸೌಮ್ಯವಾದ ಹಿಂದಿಯಲ್ಲಿ ಮಾತನಾಡಿ ಸಾಗಣೆಗೆಂದು 3,150 ಕೇಳಿದ. ಕಳುಹಿಸಿದೆವು. ಸಂಜೆ ವಿಮೆ ಬದಲಾಯಿಸಲು 5,500 ಕೇಳಿದ, ಗಾಡಿ ಕೈಸೇರಿದ ಕೂಡಲೇ ಇದು ವಾಪಸು ಎಂದ. ಅದನ್ನೂ ಕಳುಹಿಸಿದೆವು. ಮೂರನೆಯ ದಿನ ತೆರಿಗೆಗೆ 7,400 ಎಂದ. ನಮ್ಮಲ್ಲಿ ಅಷ್ಟಿರಲಿಲ್ಲ. ಕಚೇರಿಯ ಗೆಳೆಯರೊಬ್ಬರನ್ನು ಕೈಗಡ ಕೇಳಿದೆವು.

ಅವರು ಕೇಳಿದ್ದು ಒಂದೇ ಪ್ರಶ್ನೆ: "ಗಾಡಿ ಎಲ್ಲಿದೆ? ನೋಡಿದಿರಾ?"

ನಾವು ತಲೆ ತಗ್ಗಿಸಿದೆವು. ಮಾಲಕರ ಹತ್ತಿಯ ಕಸವನ್ನು ನೋಡದೆ ಯಾರೂ ಸವಾಲು ಹಾಕಕೂಡದೆಂದು ದಫ್ತರ ಹಿಡಿದು ನಿಲ್ಲುವ ನಾವು, ನಮ್ಮ ಸ್ವಂತ ಪಗಾರವನ್ನು ಕಾಣದ ಗಾಡಿಗೆ ಕೊಟ್ಟಿದ್ದೆವು. ನೀರೊಳಗಿನ ಎಮ್ಮೆಗೆ ದಂಡೆಯ ಮೇಲೆ ಬೆಲೆ ಕಟ್ಟುವುದೆಂದು ನಮ್ಮ ಕಡೆ ಹಿರಿಯರು ನಗುತ್ತಿದ್ದರು. ಇಲ್ಲಿ ನೀರಿನಲ್ಲಿ ಎಮ್ಮೆಯೇ ಇರಲಿಲ್ಲ.

ಅದಕ್ಕಿಂತ ದೊಡ್ಡ ತಪ್ಪನ್ನು ಆಮೇಲೆ ಮಾಡಿದೆವು. ನಾಚಿಕೆಯಿಂದ ಒಂಬತ್ತು ದಿನ ಯಾರಿಗೂ ಬಾಯಿ ಬಿಡಲಿಲ್ಲ. ಆ ಗೆಳೆಯರಿಗೂ ಸುಮ್ಮನಿರೆಂದು ಕೈಮುಗಿದೆವು. ಮನೆಯಲ್ಲೂ ಹೇಳಲಿಲ್ಲ. ಹತ್ತನೆಯ ದಿನ ಮನೆಯವರೇ ಪಾಸ್ ಪುಸ್ತಕ ನೋಡಿ ಕೇಳಿದರು. ಅವರ ಒತ್ತಾಯದಿಂದಲೇ ದೂರು ಕೊಟ್ಟೆವು. ಅಷ್ಟರಲ್ಲಿ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹೋಗಿ ನಗದಾಗಿ ಹೊರಬಿದ್ದಿತ್ತು. ದೂರು ಬರೆದುಕೊಂಡ ಅಧಿಕಾರಿಗಳು ಗದರಲಿಲ್ಲ. "ಅದೇ ದಿನ ಹೇಳಿದ್ದರೆ ಹಣವನ್ನು ದಾರಿಯಲ್ಲೇ ತಡೆಯಲು ನೋಡಬಹುದಿತ್ತು" ಎಂದರು, ಅಷ್ಟೇ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆಯ ಬಾಗಿಲು ಹಾಕಿದ ಹಾಗಾಯಿತು.

ಬಂಧುಗಳೇ, ಇದನ್ನು ಈ ವಾಚನಾಲಯದ ಮೇಜಿನ ಸುತ್ತ ಒಂದು ಸಂಜೆ ಹೇಳಿಕೊಂಡಾಗ ಏನಾಯಿತು ಗೊತ್ತೇ? ಮುಂದಿನ ಎರಡು ವಾರಗಳಲ್ಲಿ ಮೂವರು ಒಬ್ಬೊಬ್ಬರಾಗಿ ಬಂದು, ಕಪಾಟಿನ ಮರೆಯಲ್ಲಿ ನಿಂತು, ತಮಗೂ ಹೀಗೆಯೇ ಆಯಿತೆಂದರು. ಅವರಲ್ಲೊಬ್ಬ ಹುಡುಗ ತಂಗಿಯ ಕಾಲೇಜಿಗೆಂದು ಹಳೆಯ ಲ್ಯಾಪ್‌ಟಾಪ್ ಕೊಳ್ಳಲು ಹೋಗಿ ಒಂದು ತಿಂಗಳ ಪಗಾರವನ್ನೆಲ್ಲ ಕಳೆದಿದ್ದ. ಎರಡು ತಿಂಗಳು ಇಲ್ಲಿಗೆ ಬಾರದೆ ಇದ್ದುದಕ್ಕೆ ಅದೇ ಕಾರಣ. ಪ್ರತಿಯೊಬ್ಬರೂ ತಾವೊಬ್ಬರೇ ದಡ್ಡರೆಂದು ತಿಳಿದಿದ್ದರು. ಮೋಸಗಾರನಿಗೆ ನಮ್ಮ ಈ ನಾಚಿಕೆಗಿಂತ ದೊಡ್ಡ ಬಂಡವಾಳ ಬೇರೊಂದಿಲ್ಲ. ಆದಕಾರಣ ನಾಚಿಕೆಯನ್ನು ಬದಿಗಿಟ್ಟು ವಿಷಯಕ್ಕೆ ಬರೋಣ.

ಗಣಕಯಂತ್ರದ ಮೂಲಕ ಹರಾಜು ನಡೆಸುವ ಪದ್ಧತಿ ತಾನಾಗಿಯೇ ಕೆಟ್ಟದ್ದಲ್ಲ. ಅಮೆರಿಕದಲ್ಲಿ 1995ರಲ್ಲಿ ಪಿಯರ್ ಒಮಿಡ್ಯಾರ್ ಎಂಬವರು ಇಂಥದೊಂದು ಹರಾಜುಕಟ್ಟೆಯನ್ನು ತೆರೆದರು. ಅದೇ ಮುಂದೆ ಇಬೇ ಎಂದು ಹೆಸರಾಯಿತು. ಅಲ್ಲಿ ಮೊದಲು ಮಾರಾಟವಾದ ವಸ್ತು ಒಂದು ಕೆಟ್ಟುಹೋದ ಲೇಸರ್ ಪಾಯಿಂಟರು. ಕೆಟ್ಟದ್ದೆಂದು ತಿಳಿದೇ ಕೊಂಡವನು 14 ಡಾಲರಿಗೂ ಹೆಚ್ಚು ಕೊಟ್ಟ. ಇದ್ದುದನ್ನು ಇದ್ದ ಹಾಗೆ ಹೇಳಿ ಮಾರಿದರೆ ಅದು ಮೋಸವಲ್ಲ, ವ್ಯಾಪಾರ. ನಮ್ಮ ದೇಶದಲ್ಲಿ 2000ದಲ್ಲಿ ಬಾಜೀ ಎಂಬ ಹೆಸರಿನಿಂದ ಇಂಥದೇ ಕಟ್ಟೆ ಆರಂಭವಾಗಿ, 2004ರಲ್ಲಿ ಇಬೇಯವರ ಕೈಸೇರಿ, 2018ರಲ್ಲಿ ಮುಚ್ಚಿತು. ಅಲ್ಲಿ ಪೈಸಾಪೇ ಎಂಬ ಏರ್ಪಾಡಿತ್ತು. ಕೊಳ್ಳುವವನ ಹಣ ನೇರವಾಗಿ ಮಾರುವವನಿಗೆ ಹೋಗದೆ ನಡುವೆ ನಿಲ್ಲುತ್ತಿತ್ತು, ಮಾಲು ತಲುಪಿದ ಮೇಲೆ ಅವನಿಗೆ ಸಂದಾಯವಾಗುತ್ತಿತ್ತು. ನಮ್ಮ ಗಿರಣಿಯ ಖಜಾಂಚಿಯ ಕೆಲಸವೇ ಅದು.

ಇಂದು ನಮ್ಮ ನಿಮ್ಮಂಥವರ ಕಣ್ಣಿಗೆ ಬೀಳುವುದು ಎರಡು ಬಗೆ. ಬ್ಯಾಂಕುಗಳೂ ಸರ್ಕಾರದ ಇಲಾಖೆಗಳೂ ನಡೆಸುವ ಇ-ಹರಾಜು ಒಂದು, ಜನರು ಜನರಿಗೆ ಹಳೆಯ ಸಾಮಾನು ಮಾರುವ ಜಾಲತಾಣಗಳು ಇನ್ನೊಂದು. ಮೋಸಗಾರರು ಈ ಎರಡರ ವೇಷವನ್ನೂ ಹಾಕುತ್ತಾರೆ. ಅವರ ಕೈಚಳಕಗಳಲ್ಲಿ ಮುಖ್ಯವಾದ ಆರನ್ನು ಹೇಳುತ್ತೇವೆ.

ಒಂದನೆಯದು, ಸುಳ್ಳು ಸವಾಲು. ಮಾರುವವನೇ ಬೇರೆ ಬೇರೆ ಹೆಸರಿನಿಂದ ಬೆಲೆ ಏರಿಸುತ್ತಾನೆ. ನಿಜವಾದ ಹರಾಜಿನಲ್ಲೂ ಇದು ನಡೆಯಬಹುದು. ಇದಕ್ಕೆ ಮದ್ದೆಂದರೆ ಮೊದಲೇ ನಮ್ಮ ಮಿತಿಯನ್ನು ಕಾಗದದ ಮೇಲೆ ಬರೆದಿಟ್ಟು, ಅದನ್ನು ಒಂದು ರೂಪಾಯಿಯೂ ದಾಟದಿರುವುದು. ಗಡಿಯಾರ ಓಡಲಿ, ನಾವು ಓಡಬಾರದು.

ಎರಡನೆಯದು, ಎರಡನೆಯ ಅವಕಾಶ. ಹರಾಜಿನಲ್ಲಿ ಸೋತವನಿಗೆ, "ಗೆದ್ದವರು ಹಿಂದೆಗೆದರು, ನಿಮಗೇ ಕೊಡುತ್ತೇವೆ, ಹೊರಗಡೆಯೇ ವ್ಯವಹಾರ ಮುಗಿಸೋಣ" ಎಂದು ಪತ್ರ ಬರುತ್ತದೆ. ಕಟ್ಟೆಯನ್ನು ಬಿಟ್ಟು ಹೊರಗೆ ಬಾ ಎಂದವನ ಬೆನ್ನ ಹಿಂದೆ ಹೋಗಬೇಡಿ. ಹೊರಗೆ ಕೊಟ್ಟ ಹಣಕ್ಕೆ ಆ ತಾಣದವರು ಹೊಣೆಯಲ್ಲ.

ಮೂರನೆಯದು, ಕಂತಿನ ಸುಲಿಗೆ. ನಮಗಾದದ್ದೇ ಇದು. ಮೊದಲು ಸಣ್ಣ ಮೊತ್ತ, ಆಮೇಲೆ ಸಾಗಣೆ, ವಿಮೆ, ತೆರಿಗೆ. ಪ್ರತಿ ಸಲವೂ ಹಿಂದೆ ಕೊಟ್ಟದ್ದು ಮುಳುಗೀತೆಂಬ ಭಯದಿಂದ ಮುಂದಿನದನ್ನು ಕೊಡುತ್ತೇವೆ.

ನಾಲ್ಕನೆಯದು, ಗೌರವದ ವೇಷ. ಸೈನ್ಯದವನೆಂದೂ ವರ್ಗವಾದುದರಿಂದ ಸಾಮಾನು ಅಗ್ಗಕ್ಕೆ ಮಾರುತ್ತಿರುವೆನೆಂದೂ ಗುರುತಿನ ಚೀಟಿಯ ಚಿತ್ರ ಕಳುಹಿಸುತ್ತಾರೆ. ಚಿತ್ರ ಯಾರದೋ, ಚೀಟಿ ಯಾರದೋ. ಸಮವಸ್ತ್ರಕ್ಕೆ ನಮಸ್ಕಾರ ಮಾಡೋಣ, ಹಣವನ್ನು ಮಾತ್ರ ಮಾಲು ನೋಡಿಯೇ ಕೊಡೋಣ.

ಐದನೆಯದು, ಹಣ ಕೊಡುತ್ತೇನೆಂದು ಹಣ ಕೀಳುವುದು. "ನಿಮ್ಮ ಠೇವಣಿ ವಾಪಸು ಮಾಡುತ್ತೇವೆ, ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ" ಎನ್ನುತ್ತಾರೆ. ಯುಪಿಐ ಪಿನ್ ಒತ್ತುವುದು ಹಣ ಕೊಡುವುದಕ್ಕೆ. ಹಣ ಪಡೆಯುವುದಕ್ಕೆ ಪಿನ್ನೂ ಬೇಡ, ಸ್ಕ್ಯಾನೂ ಬೇಡ. ಈ ಒಂದು ಮಾತನ್ನು ತಾವು ಮರೆಯದೆ ಮನೆಗೆ ಒಯ್ದರೆ ನಮ್ಮ ಭಾಷಣ ಸಾರ್ಥಕ. ನಮಗೂ ಅದೇ ಕರೆ ಬಂದಿತ್ತು. ಗೆಳೆಯರು ಕೈಯಿಂದ ಮೊಬೈಲು ಕಿತ್ತುಕೊಂಡುದರಿಂದ ಉಳಿದದ್ದು ಉಳಿಯಿತು.

ಆರನೆಯದು, "ಈ ಆ್ಯಪ್ ಹಾಕಿಕೊಳ್ಳಿ, ನಾವೇ ಸರಿಮಾಡಿಕೊಡುತ್ತೇವೆ" ಎನ್ನುವುದು. ವಾಟ್ಸಾಪಿನಲ್ಲಿ ಬಂದ ಫೈಲನ್ನು ಮೊಬೈಲಿಗೆ ಹಾಕಿಕೊಂಡರೆ, ಇಲ್ಲವೆ ನಮ್ಮ ಪರದೆ ಅವನಿಗೆ ಕಾಣುವಂತೆ ಬಿಟ್ಟರೆ, ಖೋಲಿಯ ಬೀಗದ ಕೈಯನ್ನು ಕಳ್ಳನಿಗೆ ಕೊಟ್ಟಂತೆಯೇ.

ಇನ್ನು ಕೊಳ್ಳುವ ಮುನ್ನ ನೋಡಬೇಕಾದ್ದೇನು? ವಸ್ತುವಿಗೆ ತಕ್ಕಂತೆ ಹೇಳುತ್ತೇವೆ.

ಹಳೆಯ ಮೊಬೈಲು: ಅದರಲ್ಲಿ *#06# ಒತ್ತಿದರೆ ಹದಿನೈದು ಅಂಕಿಗಳ ಐಎಂಇಐ ಸಂಖ್ಯೆ ಕಾಣುತ್ತದೆ. ಕೆ, ವೈ, ಎಂ ಎಂಬ ಮೂರು ಇಂಗ್ಲಿಷ್ ಅಕ್ಷರಗಳನ್ನು ಬರೆದು, ಒಂದು ಜಾಗ ಬಿಟ್ಟು, ಆ ಸಂಖ್ಯೆಯನ್ನು 14422ಕ್ಕೆ ಸಂದೇಶ ಕಳುಹಿಸಬಹುದು. ಕೇಂದ್ರ ಸರ್ಕಾರದ ಸಂಚಾರ್ ಸಾಥಿ ತಾಣದಲ್ಲೂ ನೋಡಬಹುದು. ಆ ಸಂಖ್ಯೆ ತಡೆಪಟ್ಟಿಯಲ್ಲಿದೆ, ನಕಲಿಯಾಗಿದೆ ಎಂದು ಉತ್ತರ ಬಂದರೆ ಆ ಮೊಬೈಲನ್ನು ಮುಟ್ಟಬೇಡಿ. ಕದ್ದ ಮಾಲನ್ನು ಕೊಂಡರೆ ಹಣವೂ ಹೋಗುತ್ತದೆ, ಠಾಣೆಯ ಮೆಟ್ಟಿಲೂ ಹತ್ತಬೇಕಾಗುತ್ತದೆ.

ಹಳೆಯ ಸ್ಕೂಟರು: ಗಾಡಿಯ ಎಂಜಿನ್ ನಂಬರನ್ನೂ ಚಾಸಿಸ್ ನಂಬರನ್ನೂ ನೋಂದಣಿ ಪುಸ್ತಕದೊಡನೆ ಕಣ್ಣಾರೆ ತಾಳೆ ನೋಡಿ. ಸರ್ಕಾರದ ಎಂ-ಪರಿವಾಹನ್ ಆ್ಯಪಿನಲ್ಲಿ ನೋಂದಣಿ ಸಂಖ್ಯೆ ಕೊಟ್ಟು ವಿಮೆ ಎಂದಿನವರೆಗೆ ಇದೆ, ಸಾಲದ ಹೊರೆಯಿದೆಯೇ ಎಂಬಿತ್ಯಾದಿ ತಿಳಿಯಬಹುದು. ಬಾಕಿ ದಂಡವನ್ನೂ ವಿಚಾರಿಸಿಕೊಳ್ಳಿ. ಸಾಲವಿದ್ದರೆ ಅದು ತೀರಿದುದಕ್ಕೆ ನಮೂನೆ 35, ಹೆಸರು ಬದಲಾಯಿಸಲು ನಮೂನೆ 29 ಮತ್ತು 30 ಬೇಕು. ನಮ್ಮವರು ಊರಿಗೆ ಹೋದಾಗ ಅಲ್ಲಿ ಅಗ್ಗವೆಂದು ಕರ್ನಾಟಕದ ನಂಬರಿನ ಗಾಡಿಯನ್ನು ಇಲ್ಲಿಗೆ ತರುವುದುಂಟು. ಹನ್ನೆರಡು ತಿಂಗಳು ಮೀರಿ ಬೇರೆ ರಾಜ್ಯದಲ್ಲಿಟ್ಟರೆ ಅಲ್ಲಿ ಹೊಸ ನೋಂದಣಿ ಮಾಡಿಸಬೇಕು. ಅದಕ್ಕೆ ಮೂಲ ಕಚೇರಿಯಿಂದ ನಮೂನೆ 28ರ ನಿರಾಕ್ಷೇಪ ಪತ್ರ ತರಬೇಕು, ಇಲ್ಲಿಯ ರಸ್ತೆ ತೆರಿಗೆಯನ್ನೂ ಕಟ್ಟಬೇಕು. ಆ ಖರ್ಚನ್ನೂ ಕೂಡಿಸಿದರೆ ಅಗ್ಗದ ಗಾಡಿ ಎಷ್ಟೋ ಸಲ ಅಗ್ಗವಾಗಿ ಉಳಿಯುವುದಿಲ್ಲ.

ಬ್ಯಾಂಕಿನ ಹರಾಜಿನ ಮನೆ: ಚಾಳಿನಲ್ಲಿ ಬಹುಕಾಲ ಕಳೆದವರಿಗೆ ಇದರ ಆಸೆ ಸಹಜ. ಸಾಲ ತೀರಿಸದವರ ಮನೆಯನ್ನು ಬ್ಯಾಂಕುಗಳು ಹರಾಜು ಹಾಕುವುದು 2002ರ ಸರ್ಫೇಸಿ ಕಾಯಿದೆ ಮತ್ತು ಅದೇ ವರ್ಷದ ನಿಯಮಗಳ ಪ್ರಕಾರ. ಬಹಿರಂಗ ಹರಾಜಾದರೆ ಎರಡು ಪ್ರಮುಖ ಪತ್ರಿಕೆಗಳಲ್ಲಿ ಪ್ರಕಟಣೆ ಬರಬೇಕು, ಅವುಗಳಲ್ಲೊಂದು ಅಲ್ಲಿನ ಪ್ರಾದೇಶಿಕ ಭಾಷೆಯದಾಗಿರಬೇಕು. ಎಂದರೆ ಮುಂಬಯಿಯ ಮನೆಯ ನಿಜವಾದ ಹರಾಜಿನ ಸುದ್ದಿ ಮರಾಠಿ ಪತ್ರಿಕೆಯಲ್ಲಿ ಇರುತ್ತದೆ. ಆ ಪತ್ರಿಕೆಗಳು ನಮ್ಮ ಈ ಮೇಜಿನ ಮೇಲೆಯೇ ಬಿಟ್ಟಿಯಾಗಿ ಓದಲು ಸಿಗುತ್ತವೆ. ಸರ್ಕಾರಿ ರಂಗದ ಬ್ಯಾಂಕುಗಳ ಹರಾಜಿನ ಆಸ್ತಿಗಳನ್ನು ಒಂದೆಡೆ ತೋರಿಸುವ ಬಾಂಕ್‌ನೆಟ್ ಎಂಬ ತಾಣವೂ 2025ರ ಜನವರಿಯಲ್ಲಿ ಆರಂಭವಾಗಿದೆ. ಬ್ಯಾಂಕುಗಳ ತಾಣದ ಹೆಸರು "ಡಾಟ್ ಬ್ಯಾಂಕ್ ಡಾಟ್ ಇನ್" ಎಂದು ಮುಗಿಯಬೇಕೆಂದು ರಿಸರ್ವ್ ಬ್ಯಾಂಕು 2025ರಲ್ಲಿ ವಿಧಿಸಿದೆ. ಮುದ್ರೆಯನ್ನು ಯಾರಾದರೂ ಅಂಟಿಸಬಹುದು. ಆದ್ದರಿಂದ ಹೆಸರಿನ ಬಾಲವನ್ನು ನೋಡಿ. ಸಂಶಯವಿದ್ದರೆ ಶಾಖೆಗೇ ಹೋಗಿ ಕೇಳಿ.

ನಿಜವಾದ ಹರಾಜಿನಲ್ಲೂ ಎಚ್ಚರ ಬೇಕು. ಪ್ರಕಟಣೆಯಲ್ಲಿ "ಎಲ್ಲಿದೆಯೋ ಅಲ್ಲಿ, ಹೇಗಿದೆಯೋ ಹಾಗೆ" ಎಂಬ ಷರತ್ತು ಇರುತ್ತದೆ. ಮನೆಯಲ್ಲಿ ಬೇರೆಯವರು ವಾಸವಿರಬಹುದು, ಸೊಸೈಟಿಯ ಬಾಕಿ ಇರಬಹುದು, ನ್ಯಾಯಾಲಯದಲ್ಲಿ ವ್ಯಾಜ್ಯವಿರಬಹುದು. ಸವಾಲು ಗೆದ್ದವನು ಅದೇ ದಿನ ಅಥವಾ ಹೆಚ್ಚೆಂದರೆ ಮುಂದಿನ ಕೆಲಸದ ದಿನದೊಳಗೆ, ಠೇವಣಿಯೂ ಸೇರಿ, ಬೆಲೆಯ ಶೇಕಡಾ 25ರಷ್ಟನ್ನು ಕಟ್ಟಬೇಕು. ಮಾರಾಟ ಖಾಯಂ ಆದ ಹದಿನೈದು ದಿನಗಳೊಳಗೆ ಉಳಿದದ್ದನ್ನು ಕಟ್ಟಬೇಕು. ಬರವಣಿಗೆಯಲ್ಲಿ ಒಪ್ಪಿಗೆಯಾದರೆ ಮಾತ್ರ ಹೆಚ್ಚಿನ ಅವಧಿ, ಅದೂ ಮೂರು ತಿಂಗಳು ಮೀರದಂತೆ. ತಪ್ಪಿದರೆ ಕಟ್ಟಿದ ಹಣ ಮುಟ್ಟುಗೋಲು. ಗೃಹಸಾಲ ಸಿಕ್ಕೀತೆಂಬ ಬರಿಯ ನಂಬಿಕೆಯಿಂದ ಸವಾಲು ಹಾಕಬೇಡಿ. ಮೊದಲು ವಕೀಲರಿಗೆ ಕಾಗದ ತೋರಿಸಿ. ಅವರಿಗೆ ಕೊಡುವ ಫೀ ನಷ್ಟವಲ್ಲ. ಇನ್ನೊಂದು ಮಾತು: ಬ್ಯಾಂಕಿನ ಹರಾಜಿನ ಠೇವಣಿ ಯಾವುದೋ ವ್ಯಕ್ತಿಯ ಹೆಸರಿನ ಯುಪಿಐ ಖಾತೆಗೆ ಹೋಗುವುದಿಲ್ಲ. ನಮ್ಮ 2,100 ರೂಪಾಯಿ ಒಬ್ಬ ವ್ಯಕ್ತಿಯ ಹೆಸರಿಗೆ ಹೋಯಿತು. ಆ ಹೆಸರು ಪರದೆಯ ಮೇಲೆ ಮೂಡಿತ್ತು. ಓದಲು ಬಂದರೂ ನಾವು ಓದಲಿಲ್ಲ.

ಉಳಿದ ಸಾಮಾನು: ಮಾರುವವನನ್ನು ಹಗಲು ಹೊತ್ತು, ಜನರಿರುವ ಸ್ಥಳದಲ್ಲಿ ಕಾಣಿ. ಯಂತ್ರವಾದರೆ ಓಡಿಸಿ ನೋಡಿ. ಮಾಲು ಕೈಗೆ ಬಂದ ಮೇಲೆ ಹಣ, ಹಣದ ಕೂಡಲೇ ರಶೀದಿ. ದೊಡ್ಡ ಅಂಗಡಿಯ ತಾಣವಾದರೆ 2020ರ ಇ-ವಾಣಿಜ್ಯ ನಿಯಮಗಳಂತೆ ದೂರು ಕೇಳುವ ಅಧಿಕಾರಿಯ ಹೆಸರು ಅಲ್ಲಿ ಇರಬೇಕು. ದೂರು ಮುಟ್ಟಿದುದನ್ನು ಅವರು 48 ಗಂಟೆಗಳೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಮಾರುವವನ ಹೆಸರಿನ ಮುಂದೆ ಕಾಣುವ ನಕ್ಷತ್ರಗಳನ್ನೂ ಹೊಗಳಿಕೆಯ ಮಾತುಗಳನ್ನೂ ಪೂರ್ತಿ ನಂಬಬೇಡಿ, ಅವನ್ನೂ ದುಡ್ಡು ಕೊಟ್ಟು ಬರೆಸುವವರಿದ್ದಾರೆ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬುದು ನಮ್ಮ ಗಾದೆ. ಪ್ರತ್ಯಕ್ಷ ಕಾಣದ್ದಕ್ಕೆ ಇನ್ನೆಷ್ಟು ಪ್ರಮಾಣ ಬೇಕು, ತಾವೇ ಯೋಚಿಸಿ.

ಇಷ್ಟಾಗಿಯೂ ಮೋಸವಾದರೆ? ಕೂಡಲೇ 1930ಕ್ಕೆ ಕರೆ ಮಾಡಿ. ಹಣದ ಮೋಸಕ್ಕೆಂದೇ ಇರುವ ಸರ್ಕಾರದ ಸಂಖ್ಯೆ ಅದು. ಸೈಬರ್‌ಕ್ರೈಮ್ ಡಾಟ್ ಗೌ ಡಾಟ್ ಇನ್ ಎಂಬ ತಾಣದಲ್ಲೂ ದೂರು ಬರೆಯಬಹುದು. ಬೇಗ ತಿಳಿಸಿದರೆ ಹಣ ಹೋದ ಖಾತೆಯಲ್ಲಿ ಅದನ್ನು ತಡೆಹಿಡಿಯಲು ಬ್ಯಾಂಕುಗಳಿಗೆ ಸೂಚನೆ ಹೋಗುತ್ತದೆ. ತಮ್ಮ ಬ್ಯಾಂಕಿಗೂ ತಿಳಿಸಿ. ಹಣ ಕಳುಹಿಸಿದ ವೇಳೆ, ಮೊತ್ತ, ಯುಟಿಆರ್ ಸಂಖ್ಯೆ, ಅವನ ದೂರವಾಣಿ ಸಂಖ್ಯೆ, ಮಾತುಕತೆಯ ಚಿತ್ರಗಳು, ಒಂದನ್ನೂ ಸಿಟ್ಟಿನಿಂದ ಅಳಿಸಬೇಡಿ. ಲೆಕ್ಕ ಬರೆಯುವವರ ಮಾತು ಕೇಳಿ: ಚೀಟಿಯಿಲ್ಲದ ಲೆಕ್ಕ ನಿಲ್ಲುವುದಿಲ್ಲ. ಆಮೇಲೆ "ಹೋದ ಹಣ ತಂದುಕೊಡುತ್ತೇವೆ, ಸ್ವಲ್ಪ ಫೀ ಕೊಡಿ" ಎಂದು ಬರುವವರನ್ನು ಹತ್ತಿರ ಸೇರಿಸಬೇಡಿ. ಅವನು ಮೊದಲಿನ ಕಳ್ಳನ ತಮ್ಮ.

ಕೊನೆಯದಾಗಿ ಒಂದು ಬಿನ್ನಹ. ನಾವು ಊರು ಬಿಟ್ಟು ಬಂದವರು. ಊರಲ್ಲಿ ಎತ್ತು ಕೊಳ್ಳಬೇಕಾದರೆ ಅಣ್ಣ, ಮಾವ, ನೆರೆಮನೆಯ ಗೌಡರು, ನಾಲ್ಕು ಜನ ಸಂತೆಗೆ ಜೊತೆಯಲ್ಲಿ ಹೋಗುತ್ತಿದ್ದರು. ಒಬ್ಬರು ಹಲ್ಲು ನೋಡಿದರೆ ಇನ್ನೊಬ್ಬರು ಗೊರಸು ನೋಡುತ್ತಿದ್ದರು. ಇಲ್ಲಿ ರಾತ್ರಿ ಹನ್ನೊಂದಕ್ಕೆ, ಹೆಂಡತಿ ಮಕ್ಕಳು ಮಲಗಿದ ಮೇಲೆ, ಒಬ್ಬರೇ ಕುಳಿತು ಬೆರಳಿನಿಂದ ಸಂತೆ ಮಾಡುತ್ತೇವೆ. ಮೋಸಗಾರನಿಗೆ ಬೇಕಾದ್ದು ನಾವು ಒಬ್ಬರೇ ಇರುವುದು. ಆದ್ದರಿಂದ ಮುಂದಿನ ರವಿವಾರದಿಂದ ಸಂಜೆ ಆರರಿಂದ ಏಳರವರೆಗೆ ನಾವು ಈ ಕಪಾಟಿನ ಬಳಿಯ ಮೇಜಿನಲ್ಲಿ ಕುಳಿತಿರುತ್ತೇವೆ. ಏನನ್ನಾದರೂ ಕೊಳ್ಳುವ ಮುನ್ನ, ಹಣ ಕಳುಹಿಸುವ ಮುನ್ನ, ತಂದು ತೋರಿಸಿ. ನಮಗೆ ತಿಳಿಯದ್ದನ್ನು ತಿಳಿದವರಲ್ಲಿ ಕೇಳೋಣ. ನಾವು ಕೇಳುವುದು ಗೆಳೆಯರು ನಮ್ಮನ್ನು ಕೇಳಿದ ಪ್ರಶ್ನೆಯನ್ನೇ: ಮಾಲು ಎಲ್ಲಿದೆ, ನೋಡಿದಿರಾ? ಈಗಾಗಲೇ ಕಳೆದುಕೊಂಡವರೂ ಬನ್ನಿ. ಯಾರೂ ನಗುವುದಿಲ್ಲ. ನಗಬೇಕಾದರೆ ಮೊದಲು ನಮ್ಮನ್ನು ನೋಡಿ ನಗಬೇಕಾಗುತ್ತದೆ.

ಲ್ಯಾಪ್‌ಟಾಪಿಗಾಗಿ ಹಣ ಕಳೆದ ಹುಡುಗ ಈಗ ಮತ್ತೆ ವಾಚನಾಲಯಕ್ಕೆ ಬರುತ್ತಿದ್ದಾನೆ. ಇಂದೂ ಇಲ್ಲಿ ಕುಳಿತಿದ್ದಾನೆ. ಎಲ್ಲಿ ಎಂದು ಹೇಳುವುದಿಲ್ಲ. ನಮ್ಮ ಸ್ಕೂಟರು ಇನ್ನೂ ಬಂದಿಲ್ಲ. ಮನೆಯವರೂ ನಾವೂ ಗಂಟನ್ನು ಹಂಚಿಕೊಂಡು ಸ್ಟೇಶನ್ನಿಗೆ ನಡೆಯುತ್ತಿದ್ದೇವೆ. ಪಗಾರದಲ್ಲಿ ಸ್ವಲ್ಪ ಸ್ವಲ್ಪ ಕೂಡಿಡುತ್ತಿದ್ದೇವೆ. ಕೊಂಡ ದಿನ ಗಾಡಿಯನ್ನು ಈ ಬಾಗಿಲಿಗೆ ತಂದು ನಿಲ್ಲಿಸುತ್ತೇವೆ. ತಾವೆಲ್ಲ ಮುಟ್ಟಿ ನೋಡಬಹುದು.